ವರ್ಗಾವಣೆಗಳ ನಡುವೆ ಸಂಬಂಧ ಕಾಯುವ ಸೈನಿಕರ ಮಡದಿಯರು
ಹೊರನಾಡಿನ ಕನ್ನಡ ಸಂಘಗಳು ಅವರ ಮನೆ ಬಾಗಿಲಿಗೆ ಹೋಗಲಿ

ಕಪ್ಪು ಬಣ್ಣದ ಟ್ರಂಕು, ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ಯಜಮಾನನ ಹೆಸರು ಮತ್ತು ಹುದ್ದೆ. ಸೈನಿಕರ ಮನೆಗಳಲ್ಲಿ ಕುರ್ಚಿ-ಮೇಜಿಗಿಂತ ಹೆಚ್ಚು ಕಾಲ ಜೊತೆಗಿರುವ ವಸ್ತುವಿದು. ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೊಮ್ಮೆ ವರ್ಗಾವಣೆಯ ಆದೇಶ ಬಂದಾಗ ಪಾತ್ರೆ-ಪಡಗವೆಲ್ಲ ಈ ಟ್ರಂಕು ಸೇರುತ್ತವೆ. ಆದರೆ ಪಕ್ಕದ ಮನೆಯ ಗೆಳತಿ, ಮಕ್ಕಳ ಶಾಲೆಯ ಒಡನಾಡಿಗಳು, ಊರಿನಲ್ಲಿರುವ ಅತ್ತೆ-ಮಾವ, ತವರಿನ ತಾಯಿ ಇವರನ್ನೆಲ್ಲ ಕಟ್ಟಿಕೊಂಡು ಹೋಗಲು ಸಾಧ್ಯವಿಲ್ಲ. ಈ ಸಂಬಂಧಗಳನ್ನು ದೂರದಿಂದಲೇ ಕಾಪಾಡಿಕೊಂಡು ಬರುವ ಹೊಣೆ ಬಹುಮಟ್ಟಿಗೆ ಮಡದಿಯ ಹೆಗಲಿಗೇ ಬೀಳುತ್ತದೆ.

ಕೊಡಗು, ಬೆಳಗಾವಿ, ಧಾರವಾಡ, ಹಾಸನ ಮೊದಲಾದ ಜಿಲ್ಲೆಗಳಿಂದ ಸೇನೆ ಸೇರಿದವರ ಕುಟುಂಬಗಳು ಮುಂಬಯಿಯ ನೇವಿ ನಗರ, ಪುಣೆಯ ಖಡ್ಕಿ, ಸಿಕಂದರಾಬಾದ್ ಮತ್ತು ದೆಹಲಿಯ ಕಂಟೋನ್ಮೆಂಟ್‌ಗಳಲ್ಲಿ ನೆಲೆಸಿವೆ. ಎಲ್ಲ ಕಡೆಗೂ ಪತಿಯೊಡನೆ ಹೋಗುವ ಅವಕಾಶ ಪತ್ನಿಗೆ ಇರುವುದಿಲ್ಲ. ಗಡಿಭಾಗದ ಫೀಲ್ಡ್ ಪೋಸ್ಟಿಂಗ್ ಬಂದಾಗ ಮಕ್ಕಳೊಂದಿಗೆ ಅಂತಹ ಕುಟುಂಬಗಳಿಗಾಗಿ ಮೀಸಲಿಟ್ಟ ಕ್ವಾರ್ಟರ್ಸ್‌ನಲ್ಲೋ, ಬಾಡಿಗೆ ಮನೆಯಲ್ಲೋ, ಊರಿನಲ್ಲೋ ಉಳಿಯಬೇಕಾಗುತ್ತದೆ. 2001ರ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿ ನಡೆದ ನಂತರ ಆರಂಭವಾದ ಆಪರೇಷನ್ ಪರಾಕ್ರಮ್ 2002ರ ಅಕ್ಟೋಬರ್‌ವರೆಗೂ ನಡೆಯಿತು. ಯುದ್ಧವೇ ಆಗದ ಆ ಹತ್ತು ತಿಂಗಳು ಗಡಿಯಲ್ಲಿದ್ದವರ ಮನೆಗಳಲ್ಲಿ ಯುದ್ಧಕಾಲದ ಆತಂಕವೇ ತುಂಬಿತ್ತು.

ಹಿಂದೆ 56 ಎಪಿಒ, 99 ಎಪಿಒ ಎಂಬ ವಿಳಾಸಕ್ಕೆ ಬರೆದ ಇನ್‌ಲ್ಯಾಂಡ್ ಪತ್ರಗಳೇ ಕುಟುಂಬಕ್ಕೆ ಆಧಾರವಾಗಿದ್ದವು. ಪತಿ ಎಲ್ಲಿದ್ದಾನೆಂಬುದು ಆ ವಿಳಾಸದಿಂದ ತಿಳಿಯುತ್ತಿರಲಿಲ್ಲ. ಇಂದು ಕೈಯಲ್ಲಿ ಮೊಬೈಲ್ ಇದ್ದರೂ ಹಡಗು ಸಮುದ್ರಕ್ಕಿಳಿದ ಮೇಲೆ, ಹಿಮದ ಚೌಕಿ ತಲುಪಿದ ಮೇಲೆ ವಾರಗಟ್ಟಲೆ ಕರೆ ಬಾರದಿರುವುದುಂಟು. 2020ರಲ್ಲಿ ಸೇನೆಯು ಭದ್ರತೆಯ ಕಾರಣಕ್ಕೆ ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ಯೋಧರಿಗೆ ಆದೇಶಿಸಿದ್ದೂ ಇದೆ. "ಮಗ ಈಗ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ?" ಎಂದು ಅತ್ತೆ ಕೇಳಿದರೆ ಸೊಸೆಗೆ ಒಮ್ಮೊಮ್ಮೆ ಗೊತ್ತಿರುವುದಿಲ್ಲ, ಒಮ್ಮೊಮ್ಮೆ ಗೊತ್ತಿದ್ದರೂ ಹೇಳುವಂತಿಲ್ಲ. ಈ ಮೌನವನ್ನು ಊರಿನವರು ಬಿಗುಮಾನವೆಂದು ತಿಳಿದರೆ ಸಂಬಂಧ ಕೆಡಲು ತಡವಾಗದು. ಸುದ್ದಿ ಇರಲಿ ಬಿಡಲಿ, ವಾರಕ್ಕೊಮ್ಮೆ ಗೊತ್ತಾದ ದಿನ ಅತ್ತೆ-ಮಾವನಿಗೆ ಫೋನ್ ಮಾಡಿ ಮಕ್ಕಳಿಂದ ನಾಲ್ಕು ಮಾತು ಆಡಿಸುವ ರೂಢಿಯನ್ನು ಅನೇಕರು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ರಜೆಯದ್ದು ಇನ್ನೊಂದು ಕಥೆ. ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಎಂದರೆ ಕೇಳಲು ದೊಡ್ಡದು. ಪ್ರಯಾಣ, ಮದುವೆ-ಮುಂಜಿ, ಮನೆದೇವರ ಪೂಜೆ, ಜಮೀನಿನ ತಕರಾರು, ತಂದೆಯ ಆಸ್ಪತ್ರೆ ಎಲ್ಲವೂ ಅದರಲ್ಲೇ ಮುಗಿಯಬೇಕು. ಕೊನೆಗೆ ಗಂಡ-ಹೆಂಡತಿ ಕುಳಿತು ಮಾತನಾಡಲು ಉಳಿಯುವುದು ಕೆಲವೇ ದಿನ. ರಜೆಗೆ ಬಂದ ಯೋಧನನ್ನು ಊಟಕ್ಕೆ ಕರೆಯುವ ಬಂಧುಗಳು ಆ ದಿನಗಳನ್ನಾದರೂ ಅವರಿಬ್ಬರಿಗೆ ಬಿಟ್ಟುಕೊಡುವುದು ಒಳಿತು.

ಕಂಟೋನ್ಮೆಂಟಿನ ಒಳಗೆ ಸ್ನೇಹ ಬೇಗ ಕುದುರುತ್ತದೆ. ಎಲ್ಲರೂ ಹೊಸಬರೇ ಆದುದರಿಂದ ಗ್ಯಾಸ್ ಬರುವ ತನಕ ಪಕ್ಕದ ಮನೆಯಿಂದ ಚಹಾ ಬರುತ್ತದೆ, ರಾತ್ರಿ ಮಗುವಿಗೆ ಜ್ವರ ಬಂದರೆ ಎದುರು ಮನೆಯಾಕೆ ಜೊತೆಗೆ ಓಡುತ್ತಾಳೆ. 1966ರಲ್ಲಿ ಸ್ಥಾಪನೆಯಾದ ಸೇನಾ ಪತ್ನಿಯರ ಕಲ್ಯಾಣ ಸಂಘ 'ಆವಾ' ಕೂಡ ಅವರನ್ನು ಒಂದೆಡೆ ಸೇರಿಸುತ್ತಿದೆ. ಆದರೂ ಅಲ್ಲಿಯ ಒಡನಾಟದ ಮೇಲೆ ಗಂಡಂದಿರ ಹುದ್ದೆಯ ನೆರಳು ಸ್ವಲ್ಪವಾದರೂ ಬೀಳುತ್ತದೆ. ಯಾವ ಹುದ್ದೆಯ ಲೆಕ್ಕವೂ ಇಲ್ಲದೆ, ತಾಯ್ನುಡಿಯಲ್ಲಿ ಕಷ್ಟ-ಸುಖ ಹಂಚಿಕೊಳ್ಳುವ ಒಂದು ಮನೆ ಹೊರಗೆ ಇದ್ದರೆ ಆಕೆಗೆ ಎಷ್ಟೋ ಸಮಾಧಾನ.

ಕನ್ನಡ ಸಂಘಗಳ ಕೆಲಸ ಇರುವುದು ಇಲ್ಲಿಯೇ. ದೆಹಲಿ ಕರ್ನಾಟಕ ಸಂಘದ ಭವನ ಇರುವ ಆರ್. ಕೆ. ಪುರಂ ಕಂಟೋನ್ಮೆಂಟಿಗೆ ಹತ್ತಿರದಲ್ಲೇ ಇದೆ. ಆದರೆ ನೇವಿ ನಗರದಿಂದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಬರಬೇಕಾದರೆ ಬಸ್ಸು ಹಿಡಿದು, ಲೋಕಲ್ ಹತ್ತಬೇಕು. ಪತಿ ಹಡಗಿನಲ್ಲಿರುವಾಗ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸಂಜೆಯ ಕಾರ್ಯಕ್ರಮಕ್ಕೆ ಬಂದು ಹೋಗುವುದು ಸುಲಭದ ಮಾತಲ್ಲ. ಎರಡು ವರ್ಷಕ್ಕೆ ಊರು ಬಿಡುವವರು ಆಜೀವ ಸದಸ್ಯರಾಗುವುದೂ ಅಪರೂಪ. ಹೀಗಾಗಿ ಸಂಘದ ಯಾದಿಯಲ್ಲಿ ಅವರ ಹೆಸರು ಇರುವುದಿಲ್ಲ, ಆಮಂತ್ರಣವೂ ತಲುಪುವುದಿಲ್ಲ. ಸ್ವಾತಂತ್ರ್ಯೋತ್ಸವದಂದು ವೇದಿಕೆಗೆ ಕರೆದು ಶಾಲು ಹೊದಿಸುವುದು ಶ್ಲಾಘನೀಯವಾದರೂ ಮರುದಿನ ಆಕೆ ಮತ್ತೆ ಒಂಟಿ.

ಸಂಘಗಳ ಮಹಿಳಾ ವಿಭಾಗಗಳು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಖರ್ಚು ಬೇಕಾಗದು. ಪರಿಸರದ ಸೈನಿಕ ಕುಟುಂಬಗಳಿಗೆ ವಾರ್ಷಿಕ ಸದಸ್ಯತ್ವ ನೀಡಬಹುದು. ಹಬ್ಬದ ದಿನ ಇಬ್ಬರು ಸದಸ್ಯೆಯರು ಮೊದಲೇ ತಿಳಿಸಿ ಅವರ ಮನೆಗೆ ಹೋಗಿಬರಬಹುದು. ಹಿಂದಿ, ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು ಊರಿನ ಅಜ್ಜಿಯೊಡನೆ ಮಾತನಾಡುವಂತಾಗಲು ಕನ್ನಡ ಕಲಿಕಾ ವರ್ಗಕ್ಕೆ ಕರೆತರಬಹುದು. ಪತಿ ಎಲ್ಲಿದ್ದಾರೆಂದು ಕೆದಕುವ ಬದಲು "ನಿಮಗೇನಾದರೂ ಬೇಕೇ?" ಎಂದು ಕೇಳಿದರೆ ಸಾಕು. ವರ್ಗಾವಣೆಯಾದಾಗ ಮುಂದಿನ ಊರಿನ ಕನ್ನಡ ಸಂಘದ ಒಬ್ಬ ಸದಸ್ಯೆಯ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಆಕೆಯ ಕೈಗಿತ್ತು ಬೀಳ್ಕೊಟ್ಟರೆ ಹೊಸ ಊರಿನಲ್ಲಿ ರೈಲು ಇಳಿಯುವಾಗಲೇ ಪರಿಚಯದ ಒಂದು ಮನೆ ಇರುತ್ತದೆ. ಸಂಘಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಈ ಬಗ್ಗೆ ಯೋಚಿಸಲಿ.