ಫ್ಯಾಕ್ಟ್ ಚೆಕ್: ಏರ್‌ಬಸ್ ಎ380 ತಡವಾಗಿದ್ದು ಬರೀ ಸಾಫ್ಟ್‌ವೇರ್ ತಪ್ಪಿನಿಂದಲೇ?

ಸಾರಾಂಶ
"ಸಾಫ್ಟ್‌ವೇರ್ ಎಡವಟ್ಟಿನಿಂದ ವೈರ್‌ಗಳು ಗಿಡ್ಡವಾದವು, ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ 2 ವರ್ಷ ತಡವಾಯಿತು" ಎಂಬ ಕಥೆಯನ್ನು ನೀವೂ ಓದಿರಬಹುದು. ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ತಿಳಿದುಬಂದಿದೆ.

ವೈರ್ ಗಿಡ್ಡವಾಗಿದ್ದು ನಿಜವೇ?
ಹೌದು. ಒಂದು ಎ380 ವಿಮಾನದಲ್ಲಿ ಸುಮಾರು 530 ಕಿ.ಮೀ. ಉದ್ದದ ವೈರ್ ಇರುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ಭಾಗಗಳನ್ನು ಫ್ರಾನ್ಸ್‌ನ ಟುಲೂಸ್‌ನಲ್ಲಿ ಜೋಡಿಸುವಾಗ ಹಲವು ವೈರ್‌ಗಳು ಸಾಲಲಿಲ್ಲ.

ಹಾಗಾದರೆ ತಪ್ಪು ಯಾರದ್ದು?
ಎರಡೂ ಕಡೆ ಬಳಸಿದ್ದು 'ಕ್ಯಾಟಿಯಾ' ಎಂಬ ಒಂದೇ ಹೆಸರಿನ ವಿನ್ಯಾಸ ಸಾಫ್ಟ್‌ವೇರ್. ಆದರೆ ಹ್ಯಾಂಬರ್ಗ್‌ನವರು 4ನೇ ಆವೃತ್ತಿಯಲ್ಲಿ, ಟುಲೂಸ್‌ನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ತಲುಪುತ್ತಿರಲಿಲ್ಲ. ತೂಕ ಇಳಿಸಲು ಬಳಸಿದ ಅಲ್ಯೂಮಿನಿಯಂ ವೈರ್, ತಾಮ್ರದಷ್ಟು ಬಿಗಿಯಾಗಿ ಬಾಗುವುದಿಲ್ಲ. ಜೊತೆಗೆ ಪ್ರತಿ ವಿಮಾನಯಾನ ಸಂಸ್ಥೆಯೂ ತನಗೆ ಬೇಕಾದಂತೆ ಕ್ಯಾಬಿನ್ ಬದಲಿಸಿದಾಗ ವೈರಿಂಗ್ ಕೂಡ ಬದಲಾಗಬೇಕಿತ್ತು.

ಅಂದರೆ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ಎಲ್ಲರೂ ಯಾವ ಆವೃತ್ತಿ ಬಳಸಬೇಕು ಎಂಬ ನಿರ್ಧಾರವೇ ಗಟ್ಟಿಯಾಗಿ ಆಗಿರಲಿಲ್ಲ. ಬೇರೆ ಬೇರೆ ದೇಶಗಳ ಕಂಪನಿಗಳು ಸೇರಿ ಏರ್‌ಬಸ್ ಒಂದೇ ಕಂಪನಿಯಾಗಿದ್ದು 2001ರಲ್ಲಿ. ಹೆಸರು ಒಂದಾದರೂ ಕೆಲಸದ ರೀತಿ ಒಂದಾಗಿರಲಿಲ್ಲ.

ನಷ್ಟ ಎಷ್ಟು?
ಈ ವಿಳಂಬದಿಂದ ಕೆಲವು ವರ್ಷಗಳಲ್ಲಿ ಲಾಭಕ್ಕೆ 4.8 ಬಿಲಿಯನ್ ಯೂರೋ ಹೊಡೆತ ಬೀಳಲಿದೆ ಎಂದು 2006ರ ಅಕ್ಟೋಬರ್‌ನಲ್ಲಿ ಅಂದಾಜಿಸಲಾಯಿತು. ಮೊದಲ ವಿಮಾನ ಸಿಂಗಾಪುರ್ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ. 2022ರಿಂದ ಬೆಂಗಳೂರಿಗೂ ಬರುತ್ತಿರುವ ಎಮಿರೇಟ್ಸ್‌ನ ದೈತ್ಯ ವಿಮಾನ ಇದೇ ಎ380.

ನಮಗೇನು ಪಾಠ?
ಕಂಪನಿಗಳಲ್ಲಿ 'ಅಲೈನ್‌ಮೆಂಟ್' ಎಂಬ ಪದ ಪದೇ ಪದೇ ಕೇಳಿಬರುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದರೆ ಅದು ಅಲೈನ್‌ಮೆಂಟ್ ಆಗುವುದಿಲ್ಲ. ನಿಮ್ಮ ತಂಡದಲ್ಲಿ ಮೂರು ಪ್ರಶ್ನೆ ಕೇಳಿ ನೋಡಿ:
• ಎಲ್ಲರೂ ನೋಡುತ್ತಿರುವುದು ಒಂದೇ ಹೊಸ ಪ್ರತಿಯನ್ನೇ?
• ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ?
• ಬದಲಾದರೆ ಯಾರಿಗೆ, ಯಾವಾಗ ತಿಳಿಸಬೇಕು?
ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಮೂರು ಬಗೆಯ ಉತ್ತರ ಬಂದರೆ, ಭಾಗಗಳನ್ನು ಜೋಡಿಸುವ ಮುನ್ನವೇ ಸಮಸ್ಯೆ ಸಿಕ್ಕಿತು ಎಂದುಕೊಳ್ಳಿ.

ತೀರ್ಪು: ಅರ್ಧ ಸತ್ಯ. ವೈರ್ ಗಿಡ್ಡವಾಗಿದ್ದು ನಿಜ. ಆದರೆ ಎಲ್ಲ ತಪ್ಪನ್ನೂ ಸಾಫ್ಟ್‌ವೇರ್ ಮೇಲೆ ಹೊರಿಸುವುದು ಸರಿಯಲ್ಲ. ಈ ಕಥೆ ನಿಮ್ಮ ಗ್ರೂಪ್‌ಗೆ ಬಂದರೆ, ಫಾರ್ವರ್ಡ್ ಮಾಡುವಾಗ ಉಳಿದ ಅರ್ಧವನ್ನೂ ಸೇರಿಸಿ.