ಮಧ್ಯಾಹ್ನಕ್ಕೇ ಆರುವ ಫೋನು

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಸಾಗುವ ದಾರಿಯಲ್ಲಿ ಆಲ್ದೂರು ಒಂದು ಪುಟ್ಟ ಪೇಟೆ. ಅದರ ಸುತ್ತ ಎತ್ತ ಕಣ್ಣು ಹಾಯಿಸಿದರೂ ಮರಗಳ ನೆರಳಿನಲ್ಲಿ ಹಬ್ಬಿದ ಕಾಫಿ ತೋಟಗಳು, ಸಿಲ್ವರ್ ಮರದ ಕಾಂಡವನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು. ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ದಿನಚರಿಯಲ್ಲಿ ಬರೆದಿಡುವುದು ಇಲ್ಲಿಯ ಬೆಳೆಗಾರರಿಗೆ ತಲೆಮಾರುಗಳಿಂದ ಬಂದ ಅಭ್ಯಾಸ. ಈಚಿನ ವರ್ಷಗಳಲ್ಲಿ ಅಷ್ಟೇ ಕಾತರದಿಂದ ನೋಡಿಕೊಳ್ಳುವ ಇನ್ನೊಂದು ಅಂಕಿ ಹುಟ್ಟಿಕೊಂಡಿದೆ: ಅದು ಸ್ಮಾರ್ಟ್‌ಫೋನಿನ ಮೇಲ್ಮೂಲೆಯಲ್ಲಿ ಕಾಣುವ ಬ್ಯಾಟರಿಯ ಶೇಕಡಾವಾರು ಲೆಕ್ಕ.

ಇಲ್ಲಿಯ ಯಾವುದಾದರೊಂದು ತೋಟದ ರೈಟರನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ಫೋನು ಒಂದು ಅಪ್ಪಣೆಯನ್ನು ಬೇಡುತ್ತದೆ: ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿಕೊಳ್ಳಲೇ? ‘ಆಗಲಿ’ ಎಂದು ಬೆರಳೊತ್ತಿ, ಚಾರ್ಜಿಗೆ ಸಿಕ್ಕಿಸಿ ಅವರು ಮಲಗುತ್ತಾರೆ. ಬೆಳಗ್ಗೆ ಏಳು ಗಂಟೆಗೆ ತೋಟಕ್ಕೆ ಹೊರಡುವಾಗ ನೂರಕ್ಕೆ ನೂರು ಇದ್ದ ಬ್ಯಾಟರಿ ಹತ್ತು ಗಂಟೆಗೆ ಅರವತ್ತಕ್ಕಿಳಿದಿರುತ್ತದೆ. ಆಳುಗಳು ಬುತ್ತಿ ಬಿಚ್ಚುವ ವೇಳೆಗೆ ಇಪ್ಪತ್ತು. ಒಂದೂವರೆಗೆ ಫೋನು ಒಮ್ಮೆ ನಡುಗಿ ಕಣ್ಣು ಮುಚ್ಚುತ್ತದೆ. ಮೊನ್ನೆಯವರೆಗೆ ಇದೇ ಫೋನು ದೀಪ ಹಚ್ಚುವ ಹೊತ್ತಿನವರೆಗೂ ನಡೆಯುತ್ತಿತ್ತು!

ಬೆಂಗಳೂರಿನಂಥ ಊರಿನಲ್ಲಾದರೆ ಇದೊಂದು ಕಿರಿಕಿರಿ, ಅಷ್ಟೆ. ಕಚೇರಿಯ ಗೋಡೆಯಲ್ಲಿ ಪ್ಲಗ್ಗುಂಟು, ಹೋಟೆಲಿನ ಮೇಜಿನ ಕೆಳಗೂ ಉಂಟು. ಕಾಫಿ ಗಿಡದ ಬುಡದಲ್ಲಿ ಪ್ಲಗ್ಗಿಲ್ಲ. ಆಳುಗಳ ಸಂಬಳದ ಪಾವತಿ, ಕಾಫಿಯ ದರ, ಹೂಮಳೆಯ ಮುನ್ಸೂಚನೆ ಎಲ್ಲವೂ ಈಗ ಆ ಗಾಜಿನ ಹಲಗೆಯ ಮೂಲಕವೇ ಬರುತ್ತವೆ. ಅವೆಲ್ಲ ಸಂಜೆಯವರೆಗೆ ಕಾದಾವು. ಕಾಯಲಾರದ ಸುದ್ದಿಯೊಂದಿದೆ. ಅದು ಆನೆಯ ಸುದ್ದಿ.

2023ರ ನವೆಂಬರಿನಲ್ಲಿ ಆಲ್ದೂರಿನ ಸಮೀಪದಲ್ಲಿ ತೋಟದ ಕೆಲಸಕ್ಕೆ ಹೊರಟಿದ್ದ ಕಾರ್ಮಿಕ ಮಹಿಳೆಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದರು. ಮರುವರ್ಷದ ಆರಂಭದಲ್ಲಿ ‘ಬೀಟಮ್ಮ’ ಎಂದು ಜನ ಹೆಸರಿಟ್ಟುಕೊಂಡ ಹೆಣ್ಣಾನೆಯ ಹಿಂಡು ಚಿಕ್ಕಮಗಳೂರು ತಾಲ್ಲೂಕಿನ ತೋಟಗಳಲ್ಲಿ ದಿನಗಟ್ಟಲೆ ಸುತ್ತಾಡಿತು. ಆನೆ ಎಲ್ಲಿದೆ, ಎತ್ತ ಮುಖ ಮಾಡಿದೆ ಎಂಬ ವಾರ್ತೆ ಇಂದು ಈ ಗುಡ್ಡಗಳಲ್ಲಿ ಮುಖ್ಯವಾಗಿ ಹರಿದಾಡುವುದು ಫೋನಿನಿಂದ ಫೋನಿಗೆ. ಆಳುಗಳನ್ನು ಇಂದು ಯಾವ ಭಾಗಕ್ಕೆ ಕಳುಹಿಸಬೇಕು, ಯಾವ ಭಾಗಕ್ಕೆ ಕಳುಹಿಸಬಾರದು ಎಂಬುದನ್ನು ರೈಟರು ನಿಶ್ಚಯಿಸುವುದು ಈ ವಾರ್ತೆಯ ಆಧಾರದ ಮೇಲೆ. ಮಧ್ಯಾಹ್ನ ಒಂದೂವರೆಗೆ ಸತ್ತ ಫೋನಿಗೆ ಎರಡು ಗಂಟೆಯ ವಾರ್ತೆ ತಲುಪುವುದೆಂತು?

ಚಹದಂಗಡಿಯ ತೀರ್ಪು

ಇಂಥ ಪ್ರಸಂಗದಲ್ಲಿ ಚಹದಂಗಡಿಯ ಬೆಂಚಿನ ಮೇಲೆ ತೀರ್ಪು ಬಹು ಬೇಗನೆ ಸಿದ್ಧವಾಗುತ್ತದೆ. “ಕಂಪೆನಿಯವರು ಬೇಕೆಂದೇ ಹಾಳು ಮಾಡಿದ್ದಾರೆ, ಹೊಸ ಫೋನು ಕೊಳ್ಳಲಿ ಎಂದು!” ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಎಂಬುದನ್ನು ತಿಳಿಯಬೇಕಾದರೆ ಆ ರಾತ್ರಿ ಫೋನಿನೊಳಗೆ ಏನು ನಡೆಯಿತೆಂಬುದನ್ನು ನೋಡಬೇಕು.

ಸಾಫ್ಟ್‌ವೇರ್ ಬದಲಾದ ಮೇಲೆ ಫೋನಿಗೆ ಹೊಸ ಮನೆಗೆ ಒಕ್ಕಲು ಬಂದವರ ಪಾಡು. ಸಾಮಾನುಗಳನ್ನೆಲ್ಲ ಮತ್ತೆ ಜೋಡಿಸಬೇಕು. ಸಾವಿರಾರು ಛಾಯಾಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಮಾಡಬೇಕು. ಪ್ರತಿಯೊಂದು ಆ್ಯಪನ್ನೂ ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳಬೇಕು. ಪರದೆ ಆರಿದ್ದರೂ ಒಳಗೆ ಈ ದುಡಿಮೆ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನಡೆದೇ ಇರುತ್ತದೆ. ಜೇಬಿನಲ್ಲಿ ಸುಮ್ಮನಿದ್ದ ಫೋನು ಬೆಚ್ಚಗಾಗುವುದು ಇದೇ ಕಾರಣದಿಂದ. 2025ರ ಸೆಪ್ಟೆಂಬರಿನಲ್ಲಿ ಐಓಎಸ್ 26 ಹೊರಬಂದಾಗ ಆಪಲ್ ಕಂಪೆನಿಯೇ ಇದನ್ನು ಒಪ್ಪಿಕೊಂಡು, ದೊಡ್ಡ ಪರಿಷ್ಕರಣೆಯ ನಂತರ ಬ್ಯಾಟರಿ ಬೇಗ ಇಳಿಯುವುದೂ ಫೋನು ಬಿಸಿಯಾಗುವುದೂ ತಾತ್ಕಾಲಿಕವೆಂದು ತಿಳಿಸಿತು. ಆದುದರಿಂದ ಮೊದಲ ಮೂರು ದಿನಗಳ ಲೆಕ್ಕವನ್ನು ಹಿಡಿದು ಜಗಳಕ್ಕೆ ಹೊರಡುವುದರಲ್ಲಿ ಅರ್ಥವಿಲ್ಲ. ವಾರ ಕಳೆದರೂ ಅದೇ ಪಾಡಾದರೆ ಮಾತು ಬೇರೆ.

ಆಗ ಸಂಶಯ ಬೀಳಬೇಕಾದುದು ಬ್ಯಾಟರಿಯ ಮೇಲೆಯೇ. ಇಂದಿನ ಫೋನುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪೆನಿ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಗುಡ್‌ಇನಫ್ ಅವರಿಗೆ ಆಗ ತೊಂಬತ್ತೇಳು ವರ್ಷ! ಅವರ ಬ್ಯಾಟರಿಗೆ ಮಾತ್ರ ಅಂಥ ದೀರ್ಘಾಯುಷ್ಯ ಲಭಿಸಲಿಲ್ಲ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಫೋನು ಬಳಸುವಾಗ ಮರಳಿ ಬರುತ್ತವೆ. ಪ್ರತಿ ಸಲದ ಓಡಾಟದಲ್ಲಿಯೂ ಕೆಲವು ಅಯಾನುಗಳು ಗ್ರಾಫೈಟಿನ ಮೇಲೆ ಕಟ್ಟುವ ತೆಳ್ಳನೆಯ ಪೊರೆಯಲ್ಲಿ ಸಿಕ್ಕಿಬಿದ್ದು ನಿರುಪಯುಕ್ತವಾಗುತ್ತವೆ. ಪೊರೆ ದಪ್ಪವಾದಂತೆ ಒಳಗಿನ ತಡೆಯೂ ಹೆಚ್ಚುತ್ತದೆ. ಶಾಖ ಈ ಮುಪ್ಪನ್ನು ಬೇಗ ಬರಮಾಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಜೀಪಿನ ಗಾಜಿನ ಹಿಂದೆ ಬಿಟ್ಟ ಫೋನು, ಮಳೆಗೆ ಹೆದರಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟುಕೊಂಡೇ ಚಾರ್ಜು ಮಾಡಿದ ಫೋನು, ಎರಡೂ ಬೇಗನೆ ಮುದಿಯಾಗುತ್ತವೆ.

ಮುದಿ ಬ್ಯಾಟರಿಯ ಒಂದು ವಿಚಿತ್ರ ಗುಣವನ್ನು ಗಮನಿಸಬೇಕು. ಸುಮ್ಮನಿದ್ದಾಗ ಅದು ಮೂವತ್ತು ಶೇಕಡಾ ಉಳಿದಿದೆಯೆಂದು ತೋರಿಸುತ್ತದೆ. ಕ್ಯಾಮರಾ ತೆರೆದೊಡನೆ, ಅಥವಾ ಗಟ್ಟಿ ಕೆಲಸವೊಂದು ಎದುರಾದೊಡನೆ, ಒಳತಡೆಯಿಂದಾಗಿ ಅದರ ವೋಲ್ಟೇಜು ಥಟ್ಟನೆ ಕುಸಿದು ಫೋನು ಆರಿಹೋಗುತ್ತದೆ. ಹಳೆಯ ಸಾಫ್ಟ್‌ವೇರ್ ಬೇಡುತ್ತಿದ್ದಷ್ಟನ್ನು ಹೇಗೋ ಒದಗಿಸುತ್ತಿದ್ದ ಬ್ಯಾಟರಿ ಹೊಸದರ ಹೆಚ್ಚಿನ ಬೇಡಿಕೆಯ ಮುಂದೆ ಕೈಚೆಲ್ಲುತ್ತದೆ. ಆಗ ಅಪವಾದ ಬರುವುದು ಪೂರ್ತಿಯಾಗಿ ಪರಿಷ್ಕರಣೆಯ ತಲೆಗೆ.

ಮುಚ್ಚಿಟ್ಟ ಔಷಧ

ಹಾಗಾದರೆ ಚಹದಂಗಡಿಯವರ ಸಂಶಯ ಬರಿಯ ಕಲ್ಪನೆಯೆ? ಅಲ್ಲ. ಅದಕ್ಕೊಂದು ಇತಿಹಾಸವಿದೆ. 2016ರಲ್ಲಿ ಹಲವು ಐಫೋನುಗಳು ಇದೇ ರೀತಿ, ಬ್ಯಾಟರಿ ಉಳಿದಿರುವಾಗಲೇ, ಇದ್ದಕ್ಕಿದ್ದಂತೆ ಆರಿಹೋಗತೊಡಗಿದವು. 2017ರ ಜನವರಿಯಲ್ಲಿ ಆಪಲ್ ಕಂಪೆನಿ ಐಓಎಸ್ 10.2.1 ಎಂಬ ಪರಿಷ್ಕರಣೆಯನ್ನು ಹೊರಡಿಸಿತು. ಆರಿಹೋಗುವ ಪೀಡೆ ಬಹುಮಟ್ಟಿಗೆ ತಪ್ಪಿತು. ತಪ್ಪಿದ್ದು ಹೇಗೆಂಬುದು ಮಾತ್ರ ಬಳಕೆದಾರರಿಗೆ ಗೊತ್ತಾಗಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಬಳಕೆದಾರನೊಬ್ಬ ತನ್ನ ನಿಧಾನವಾದ ಐಫೋನಿಗೆ ಹೊಸ ಬ್ಯಾಟರಿ ಹಾಕಿಸಿದಾಗ ಅದು ಮತ್ತೆ ಚುರುಕಾದುದನ್ನು ಕಂಡು ಅಚ್ಚರಿಪಟ್ಟ. ಬ್ಯಾಟರಿ ಬದಲಾದರೆ ಮಿದುಳಿನ ವೇಗ ಏಕೆ ಹೆಚ್ಚಬೇಕು? ಫೋನುಗಳ ವೇಗವನ್ನು ಅಳೆಯುವ ಪ್ರೈಮೇಟ್ ಲ್ಯಾಬ್ಸ್ ಸಂಸ್ಥೆಯ ಜಾನ್ ಪೂಲ್ ತಮ್ಮಲ್ಲಿ ಸಂಗ್ರಹವಾಗಿದ್ದ ಅಂಕಿಗಳನ್ನು ತೆಗೆದು ನಕ್ಷೆ ಬರೆದರು. ಒಂದೇ ಮಾದರಿಯ ಫೋನುಗಳು ಒಂದೇ ವೇಗದ ಸುತ್ತ ಗುಂಪಾಗಿ, ನಕ್ಷೆಯಲ್ಲಿ ಒಂದೇ ಶಿಖರ ಕಾಣಬೇಕಿತ್ತು. 10.2.1 ಬಂದ ಮೇಲಿನ ನಕ್ಷೆಯಲ್ಲಿ ಆ ಶಿಖರದ ಎಡಗಡೆ, ಕಡಿಮೆ ವೇಗದ ಕಡೆಗೆ, ಹಲವು ಕಿರುಶಿಖರಗಳು ಎದ್ದಿದ್ದವು. ಯಾರೋ ಉದ್ದೇಶಪೂರ್ವಕವಾಗಿ ಮೆಟ್ಟಿಲುಗಳನ್ನು ಕೊರೆದಂತೆ! ಎರಡೇ ದಿನಗಳಲ್ಲಿ ಆಪಲ್ ಒಪ್ಪಿಕೊಂಡಿತು: ಮುದಿ ಬ್ಯಾಟರಿ ಕುಸಿಯದಿರಲೆಂದು ಸಾಫ್ಟ್‌ವೇರ್ ಮೂಲಕ ಫೋನಿನ ವೇಗವನ್ನೇ ತಗ್ಗಿಸಲಾಗಿತ್ತು.

ತಿಂಗಳು ಮುಗಿಯುವ ಮುನ್ನ ಕಂಪೆನಿ ಕ್ಷಮೆ ಯಾಚಿಸಿತು. ಬ್ಯಾಟರಿ ಬದಲಾವಣೆಯ ಬೆಲೆ ಅಮೆರಿಕದಲ್ಲಿ 79 ಡಾಲರುಗಳಿಂದ 29ಕ್ಕೂ ಭಾರತದಲ್ಲಿ 6,500 ರೂಪಾಯಿಗಳಿಂದ 2,000ಕ್ಕೂ ಇಳಿಯಿತು. 2018ರ ಮಾರ್ಚಿನಲ್ಲಿ ಬಂದ ಪರಿಷ್ಕರಣೆ ಬ್ಯಾಟರಿಯ ಆರೋಗ್ಯವನ್ನು ಬಳಕೆದಾರನ ಕಣ್ಣಿಗೇ ಕಾಣುವಂತೆ ಮಾಡಿತು. ದಂಡಗಳೂ ಬಂದವು. 2018ರ ಅಕ್ಟೋಬರಿನಲ್ಲಿ ಇಟಲಿ ಆಪಲ್‌ಗೆ ಒಂದು ಕೋಟಿ ಯೂರೋ ವಿಧಿಸಿತು. ಹೊಸ ಮಾದರಿಗೆಂದು ಸಿದ್ಧಪಡಿಸಿದ ಸಾಫ್ಟ್‌ವೇರನ್ನು ಹಳೆಯ ನೋಟ್ 4 ಫೋನಿನ ಮೇಲೆ ಹೇರಿತೆಂದು ಸ್ಯಾಮ್‌ಸಂಗ್‌ಗೆ ಐವತ್ತು ಲಕ್ಷ ಯೂರೋ. 2020ರಲ್ಲಿ ಫ್ರಾನ್ಸು ಎರಡೂವರೆ ಕೋಟಿ ಯೂರೋ ದಂಡ ಹಾಕಿದ್ದು, ವೇಗ ಕುಂಠಿತವಾಗಬಹುದೆಂಬುದನ್ನು ಗ್ರಾಹಕರಿಗೆ ತಿಳಿಸದಿದ್ದ ತಪ್ಪಿಗಾಗಿ. ವೈದ್ಯನು ಕೊಟ್ಟ ಔಷಧ ಯುಕ್ತವಾದದ್ದೇ ಇರಬಹುದು. ರೋಗಿಗೆ ಹೇಳದೆ ಅನ್ನದಲ್ಲಿ ಬೆರೆಸಿ ತಿನ್ನಿಸುವ ಹಕ್ಕು ಅವನಿಗೆ ಯಾರು ಕೊಟ್ಟರು? ಎರಡು ಸಾವಿರ ರೂಪಾಯಿಯ ಬ್ಯಾಟರಿಯಿಂದ ಗುಣವಾಗುವ ಕಾಯಿಲೆಗೆ ಹಲವು ಸಾವಿರದ ಹೊಸ ಫೋನು ಕೊಂಡವರ ನಷ್ಟವೂ ಸಣ್ಣದಲ್ಲ.

2025ರಲ್ಲಿ ಇನ್ನೊಂದು ಬಗೆ ಕಾಣಿಸಿಕೊಂಡಿತು. ಗೂಗಲ್ ಕಂಪೆನಿ ಆ ಜನವರಿಯಲ್ಲಿ ತನ್ನ ಪಿಕ್ಸೆಲ್ 4ಎ ಫೋನುಗಳಿಗೆ ಪರಿಷ್ಕರಣೆ ಕಳುಹಿಸಿ, ಅವುಗಳಲ್ಲಿ ಕೆಲವಕ್ಕೆ ಬ್ಯಾಟರಿ ತುಂಬಿಸಿಕೊಳ್ಳುವ ಪ್ರಮಾಣವನ್ನೇ ಕಡಿಮೆ ಮಾಡಿತು. ಜುಲೈನಲ್ಲಿ ಪಿಕ್ಸೆಲ್ 6ಎ ಫೋನುಗಳ ಸರದಿ. ನಾನೂರು ಸಲ ಚಾರ್ಜಾದ ಕೆಲವು ಬ್ಯಾಟರಿಗಳು ಅತಿಯಾಗಿ ಬಿಸಿಯಾಗುವ ಅಪಾಯವಿದ್ದುದೇ ಕಾರಣ. ಈ ಬಾರಿ ಕಂಪೆನಿ ವಿಷಯವನ್ನು ಮುಂಚೆಯೇ ತಿಳಿಸಿ, ಬ್ಯಾಟರಿಯ ಬದಲಾವಣೆ ಅಥವಾ ಪರಿಹಾರ ಧನವನ್ನು ನೀಡಲು ಮುಂದೆ ಬಂದಿತು. ಆದರೂ ರಾತ್ರಿ ಮಲಗಿ ಬೆಳಗ್ಗೆ ಏಳುವುದರೊಳಗೆ ತಾನು ಹಣ ಕೊಟ್ಟು ಕೊಂಡ ವಸ್ತು ಅಷ್ಟಿಷ್ಟು ಕುಗ್ಗಿರುವುದನ್ನು ಕಾಣುವ ಅನುಭವ ಅಷ್ಟೇನೂ ಹಿತಕರವಲ್ಲ.

ಗುಡ್ಡದ ಪಾಲು

ಇಷ್ಟೆಲ್ಲ ಹೇಳಿದ ಮೇಲೂ ಆಲ್ದೂರಿನಂಥ ಊರಿಗೆ ಮಾತ್ರ ಸಂಬಂಧಿಸಿದ ಒಂದು ಕಾರಣ ಉಳಿಯುತ್ತದೆ. ಫೋನು ಟವರಿನೊಡನೆ ಮಾತನಾಡುವ ಕ್ರಮ ಮನುಷ್ಯರು ಮಾತನಾಡಿದ ಹಾಗೆಯೇ: ಹತ್ತಿರದಲ್ಲಿದ್ದರೆ ಪಿಸುಮಾತು, ದೂರವಾದಷ್ಟೂ ಕೂಗು. ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಫೋನಿನ ಪ್ರಸಾರಶಕ್ತಿ ಸುಮಾರು 0.2 ವಾಟಿನವರೆಗೆ ಏರಬಲ್ಲುದು. ಟವರಿನ ಪಕ್ಕದಲ್ಲಿ ಅದರ ಅತ್ಯಲ್ಪ ಭಾಗವೇ ಸಾಕು. ನಡುವೆ ಗುಡ್ಡ, ಮಳೆಯಲ್ಲಿ ತೊಯ್ದ ಎಲೆಗಳ ದಟ್ಟಣೆ ಇರುವಲ್ಲಿ ಫೋನು ದಿನವಿಡೀ ಕೂಗುತ್ತಲೇ ಇರಬೇಕಾಗುತ್ತದೆ. ಸಿಗ್ನಲ್ ಪೂರ್ತಿ ಇಲ್ಲವಾದರೆ ಹುಡುಕಾಟ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ಕರೆಂಟು ಹೋಯಿತೆನ್ನಿ: ಕೆಲವು ಗಂಟೆಗಳಲ್ಲಿ ಟವರೂ ಮೌನವಾಗುತ್ತದೆ. ಚಾರ್ಜಿಗೆ ದಾರಿಯಿಲ್ಲದ ಹೊತ್ತಿನಲ್ಲೇ ಫೋನು ಅತಿ ಹೆಚ್ಚು ದುಡಿಯುತ್ತದೆ! ಇಂಥ ಸ್ಥಳದಲ್ಲಿ ಹೊಸ ಸಾಫ್ಟ್‌ವೇರಿನ ಸ್ವಲ್ಪ ದುಂದೂ ದೊಡ್ಡದಾಗಿ ಕಾಣುತ್ತದೆ. ನಗರದ ಫೋನಿಗೆ ಅರ್ಧ ಗಂಟೆ ನಷ್ಟವಾದಲ್ಲಿ ಗುಡ್ಡದ ಫೋನಿಗೆ ಅರ್ಧ ದಿನವೇ ಹೋಗಬಹುದು.

ಸಿಗ್ನಲ್ ಇಲ್ಲದ ತೋಟದ ಭಾಗಕ್ಕೆ ಇಳಿಯುವಾಗ ಏರೋಪ್ಲೇನ್ ಮೋಡಿಗೆ ಹಾಕುವುದರಿಂದ ಹುಡುಕಾಟದ ವೆಚ್ಚ ಉಳಿಯುತ್ತದೆ. ಸೆಟ್ಟಿಂಗಿನಲ್ಲಿ ಬ್ಯಾಟರಿಯ ಪುಟವನ್ನು ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿತೆಂಬ ಲೆಕ್ಕ ಸಿಗುತ್ತದೆ. ಪರಿಷ್ಕರಣೆಗೆ ಹೊಂದಿಕೊಳ್ಳದ ಒಂದೇ ಆ್ಯಪ್ ಕಳ್ಳನಾಗಿರುವುದೂ ಉಂಟು. ಎರಡು ಮೂರು ವರ್ಷ ದುಡಿದ ಫೋನಾದರೆ ಬ್ಯಾಟರಿಯನ್ನೇ ಬದಲಾಯಿಸುವುದು ಲೇಸು. ಹಿಂಬದಿ ಉಬ್ಬಿ ಬಂದಿದ್ದರಂತೂ ಅಂದೇ ಬಳಕೆ ನಿಲ್ಲಿಸಬೇಕು; ಅದಕ್ಕೆ ಬೆಂಕಿಯ ಭಯವುಂಟು.

ಎಲ್ಲರೂ ಮೊದಲು ಕೊಡುವ ಸಲಹೆ ಒಂದಿದೆ: ‘ಬ್ಯಾಟರಿ ಸೇವರ್ ಹಾಕಿ.’ ಆಲ್ದೂರಿನಲ್ಲಿ ಎಚ್ಚರದಿಂದ ಕೇಳಬೇಕಾದ ಸಲಹೆಯೆಂದರೆ ಇದೇ. ಬ್ಯಾಟರಿಯನ್ನು ಉಳಿಸುವ ಸಲುವಾಗಿ ಆ್ಯಪ್‌ಗಳನ್ನು ನಿದ್ರೆಗೆ ಕಳುಹಿಸುವ ಏರ್ಪಾಡು 2015ರ ಆಂಡ್ರಾಯ್ಡ್ 6ರಿಂದ ಬೆಳೆಯುತ್ತ ಬಂದಿದೆ. ಕೆಲವು ತಯಾರಕರು ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಹೀಗೆ ಮಲಗಿಸಿದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆನೆಯ ಸುದ್ದಿ ಬಂದರೆ, ಫೋನು ತೆರೆದು ನೋಡುವವರೆಗೂ ಅದು ತಿಳಿಯದಿರಬಹುದು. ಬ್ಯಾಟರಿ ಉಳಿಯಿತು, ಸುದ್ದಿ ಉಳಿಯಲಿಲ್ಲ! ಆ ಒಂದು ಆ್ಯಪಿಗೆ ಈ ನಿರ್ಬಂಧದಿಂದ ವಿನಾಯಿತಿ ಕೊಡುವ ಅವಕಾಶ ಸೆಟ್ಟಿಂಗಿನಲ್ಲಿದೆ. ಪರಿಷ್ಕರಣೆಯಾದಾಗಲೊಮ್ಮೆ ಅದು ಹಾಗೆಯೇ ಇದೆಯೆ ಎಂದು ನೋಡಿಕೊಳ್ಳುವುದು ಅಗತ್ಯ.

ಸಾದಾ ಕರೆಗೂ ಕಿರುಸಂದೇಶಕ್ಕೂ ಈ ನಿದ್ರೆಯ ಕಾಟವಿಲ್ಲ. ನೆರೆಯ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಭಾಗಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅರಣ್ಯ ಇಲಾಖೆಯೊಡನೆ ಸೇರಿ 2017ರಿಂದ ಬೆಳೆಸಿದ ಮುನ್ನೆಚ್ಚರಿಕೆಯ ವ್ಯವಸ್ಥೆ ಕಿರುಸಂದೇಶ ಮತ್ತು ಧ್ವನಿಕರೆಗಳನ್ನು ಅವಲಂಬಿಸಿದ್ದು ಈ ದೃಷ್ಟಿಯಿಂದಲೂ ಯುಕ್ತವೆನಿಸುತ್ತದೆ. ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಬಾಳುವ ಗುಂಡಿಯ ಫೋನಿಗೂ ಅವು ತಲುಪುತ್ತವೆ. ಬೀರುವಿನ ಮೂಲೆ ಸೇರಿದ್ದ ಅಂಥ ಫೋನೊಂದು ಮೇಸ್ತ್ರಿಯ ಜೇಬಿಗೆ ಮರಳಿ ಬಂದರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಅದೇ ಸಂಸ್ಥೆ ತಮಿಳುನಾಡಿನ ವಾಲ್ಪಾರೈ ಬೆಟ್ಟಗಳ ಚಹಾ ತೋಟಗಳ ನಡುವೆ 2011ರಿಂದ ಎತ್ತರದ ಕಂಬಗಳ ಮೇಲೆ ಕೆಂಪು ದೀಪಗಳನ್ನು ನಿಲ್ಲಿಸಿದೆ. ಒಂದು ಕಿಲೋಮೀಟರಿನೊಳಗೆ ಆನೆ ಕಂಡರೆ, ಆ ಕೆಲಸಕ್ಕೆ ಹೆಸರು ನೋಂದಾಯಿಸಿಕೊಂಡ ಊರಿನವರಲ್ಲಿ ಯಾರಾದರೊಬ್ಬರು ತಮ್ಮ ಮೊಬೈಲಿನಿಂದ ದೀಪ ಹೊತ್ತಿಸುತ್ತಾರೆ. ಹತ್ತು ಮಂದಿಯ ಫೋನು ಆರಿದ್ದರೂ ಹನ್ನೊಂದನೆಯವರದೊಂದು ಬದುಕಿದ್ದರೆ ಸಾಕು. ಸಂಜೆ ಬಸ್ಸಿನಿಂದಿಳಿದು ಲೈನ್ ಮನೆಯ ಕಡೆಗೆ ಹೊರಟ ಕೂಲಿಯಾಳು ಕತ್ತೆತ್ತಿ ಕಂಬದ ಕಡೆ ನೋಡುತ್ತಾನೆ. ಕೆಂಪು ಉರಿಯುತ್ತಿದ್ದರೆ ಅಂಗಡಿಯ ಜಗಲಿಯಲ್ಲೇ ಕೂತು ಕಾಯುತ್ತಾನೆ.