ನಿಧಾನದ ಕಾರಿಗೆ ದೊಡ್ಡ ಎಂಜಿನ್ ಬೇಕೇ?

ನಮ್ಮ ಚಳ್ಳಕೆರೆ ಕಡೆ ಹಳೇ ಅಂಬಾಸಿಡರ್, ಹಳೇ ಜೀಪು ಇಟ್ಟುಕೊಂಡ ರೈತರು ಇನ್ನೂ ಕೆಲವರಿದ್ದಾರೆ. ಪೇಟೆಯವರ ಕಣ್ಣಿಗೆ ಅದು ಗುಜರಿ ಸಾಮಾನು. ನಮಗೆ ಅದು ಶೇಂಗಾ ಮೂಟೆ, ಕುರಿ ಮರಿ, ಬಾಣಂತಿ, ದಿಬ್ಬಣ ಎಲ್ಲಾ ಹೊತ್ತ ಗಾಡಿ. ಇಂಥ ಗಾಡಿಯವರು ಇಬ್ಬರು ಸೇರಿದರೆ ಬರೋದು ಮೂರೇ ಮಾತು. ನಿಮ್ಮದು ದಾರೀಲಿ ಕೈ ಕೊಡುತ್ತಾ? ಎಷ್ಟು ಓಡುತ್ತೆ? ಎಂಜಿನ್ ಬದಲಾಯಿಸಿದರೆ ಹೆಂಗೆ?

ಆ ಮೂರನೇ ಮಾತು ಕಳೆದ ಸುಗ್ಗಿಯಲ್ಲಿ ನಮ್ಮ ಮನೆಗೇ ಬಂತು. ತಮ್ಮನ ಮಗ, "ದೊಡ್ಡಪ್ಪ, ಶೇಂಗಾ ದುಡ್ಡಲ್ಲಿ ಎಂಬತ್ತು ಸಾವಿರ ಕೊಡು, ಕಾರಿಗೆ ಇಸುಜು ಎಂಜಿನ್ ಕೂರಿಸ್ತೀನಿ" ಅಂದ. ಒಂದು ಗುಜರಿ ಅಂಗಡಿಯಲ್ಲಿ ಎಂಜಿನ್ ನೋಡಿಕೊಂಡೇ ಬಂದಿದ್ದ. ಮಳೆ ನಂಬಿದ ಮನೆಯಲ್ಲಿ ಎಂಬತ್ತು ಸಾವಿರ ಅಂದ್ರೆ ಮುಂದಿನ ಮುಂಗಾರಿನ ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು ಎಲ್ಲಾ ಅದರಲ್ಲೇ ಬಂತು. ಸುಮ್ಮನೆ ಬೇಡ ಅನ್ನೋದಕ್ಕೂ ಆಗಲ್ಲ. ರಾತ್ರಿ ಹೊತ್ತು ಊರಿನವರನ್ನ ಚಿತ್ರದುರ್ಗದ ಆಸ್ಪತ್ರೆಗೆ ಕರಕೊಂಡು ಹೋಗೋನು ಅವನೇ. ಅದಕ್ಕೆ ಸರಿಯಾಗಿ ವಿಚಾರಿಸೋಣ ಅಂತ ಇಬ್ಬರೂ ಹೊರಟೆವು. ವಿಚಾರಿಸಿ ತಿಳಿದದ್ದನ್ನ ಇಲ್ಲಿ ಬರೀತಾ ಇದೀನಿ. ಹಳೇ ಗಾಡಿ ಇರೋ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ನಮ್ಮ ಕಾರು 1986ನೇ ಮಾಡಲ್ ಡೀಸೆಲ್ ಅಂಬಾಸಿಡರ್. 1998ರಲ್ಲಿ ನಾನೂ ತಮ್ಮನೂ ಸೇರಿ ಎರಡನೇ ಕೈಯಲ್ಲಿ ಕೊಂಡೆವು. ನಮ್ಮ ವಂಶಕ್ಕೆ ಅದೇ ಮೊದಲನೇ ಕಾರು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೂ ತಯಾರಾಯಿತು. ಡೀಸೆಲ್ ಗಾಡಿಯ ಎಂಜಿನ್ 1489 ಸಿ.ಸಿ., ಶಕ್ತಿ ಸುಮಾರು 37 ಎಚ್.ಪಿ. ಆಗ ಡೀಸೆಲ್ಲಿಗೂ ಪೆಟ್ರೋಲಿಗೂ ಬೆಲೆ ಬಹಳ ಅಂತರ ಇತ್ತು, ಅದಕ್ಕೇ ರೈತರು, ಬಾಡಿಗೆ ಓಡಿಸೋರು ಡೀಸೆಲ್ಲಿಗೆ ಹೋದರು. ನಿಧಾನ ಅಂದ್ರೆ ಬಹಳ ನಿಧಾನ. ಎಪ್ಪತ್ತು ದಾಟಿದರೆ ಬಾಗಿಲು, ಡಿಕ್ಕಿ ಎಲ್ಲಾ ಮಾತಾಡ್ತಿದ್ದವು. ಲಾರಿ ಹಿಂದೆ ಬಿದ್ದರೆ ಲಾರಿಯವನೇ ಕನಿಕರ ಪಟ್ಟು ಕೈ ಬೀಸಬೇಕು.

ಒಮ್ಮೆ ನಮ್ಮ ಮಾವನವರನ್ನ ಮಣಿಪಾಲಕ್ಕೆ ತೋರಿಸಿಕೊಂಡು ಬರುವಾಗ ಆಗುಂಬೆ ಘಾಟಿ ಹತ್ತಿದ್ದು ಇನ್ನೂ ನೆನಪೈತೆ. ಹದಿನಾಲ್ಕು ತಿರುವು. ಕಾರಿನಲ್ಲಿ ಐದು ಜನ. ತಿರುವು ಬಂದರೆ ಒಂದನೇ ಗೇರು, ತಿರುವು ಮುಗಿದರೆ ಎರಡನೇ ಗೇರು, ಮೂರನೆಯದರ ಮಾತೇ ಇಲ್ಲ. ಅರ್ಧದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ಎಂಜಿನ್ ಆರೋವರೆಗೂ ಕೂತೆವು. ಮಂಗಗಳು ಸುತ್ತಾ ಬಂದು ಕೂತವು. ಆದರೆ ಹತ್ತಿತು, ಮಾವನವರನ್ನ ಮನೆಗೆ ಮುಟ್ಟಿಸ್ತು.

37 ಎಚ್.ಪಿ. ಅಂದರೆ ಎಷ್ಟು?

ನಮ್ಮ ಹೋಬಳಿಯ ಬಹಳ ಟ್ರ್ಯಾಕ್ಟರುಗಳು 35ರಿಂದ 40 ಎಚ್.ಪಿ.ಯವೇ. ಟ್ರೇಲರ್ ತುಂಬ ಮಣ್ಣು ಹೇರಿದರೂ ಎಳೀತವೆ. ಅಷ್ಟೇ ಎಚ್.ಪಿ. ಇರೋ ಕಾರು ಏರಿಗೆ ಯಾಕೆ ಏದುಸಿರು ಬಿಡುತ್ತೆ? ಇದನ್ನ ನಮ್ಮ ಗ್ಯಾರೇಜಿನ ಮೇಸ್ತ್ರಿ ಬಿಡಿಸಿ ಹೇಳಿದರು. ಟ್ರ್ಯಾಕ್ಟರ್ ಎಂಜಿನ್ ದೊಡ್ಡದು, ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ಅಷ್ಟೂ ಶಕ್ತಿ ಕೊಡುತ್ತೆ. ಗೇರೂ ಎತ್ತಿನ ನಡಿಗೆಗೆ ಇಳಿಯುವಂಥದ್ದು. ಕಾರಿನ ಈ ಸಣ್ಣ ಎಂಜಿನ್ ಅಷ್ಟು ಶಕ್ತಿ ಕೊಡಬೇಕಾದರೆ ನಾಲ್ಕು ಸಾವಿರ ಸುತ್ತಿನ ಹತ್ತಿರ ತಿರುಗಬೇಕು. ಏರಿನಲ್ಲಿ ಟಾಪ್ ಗೇರು ಬಿಡದೆ ಹಟ ಹಿಡಿದರೆ ಸುತ್ತು ಬೀಳುತ್ತೆ, ಸುತ್ತು ಬಿದ್ದರೆ ಎಚ್.ಪಿ.ಯೂ ಬೀಳುತ್ತೆ. ಮೊದಲೇ ಗೇರು ಇಳಿಸಿದವನ ಗಾಡಿ ಹತ್ತುತ್ತೆ.

ಇನ್ನೊಂದು ತೂಕದ ಲೆಕ್ಕ. ಮಾರುತಿ 800 ಬಂದದ್ದು 1983ರಲ್ಲಿ. ಅದರ 796 ಸಿ.ಸಿ. ಎಂಜಿನ್ ಶಕ್ತಿಯೂ 37-40 ಎಚ್.ಪಿ.ಯಷ್ಟೇ. ಆದರೆ ಅದರ ತೂಕ ಸುಮಾರು 650 ಕೆ.ಜಿ. ಅಂಬಾಸಿಡರ್ ಒಂದು ಟನ್ನಿಗೂ ಮೇಲೆ. ಎತ್ತು ಅದೇ, ಬಂಡಿ ಹೆಚ್ಚುಕಮ್ಮಿ ಎರಡರಷ್ಟು. ಅದರ ಮೇಲೆ ನಾವು ಟಾಪಿನ ಕ್ಯಾರಿಯರ್, ಡಿಕ್ಕಿಯಲ್ಲಿ ಹಳೇ ಕಬ್ಬಿಣ, ಎರಡು ಸ್ಟೆಪ್ನಿ ಅಂತ ವರ್ಷಗಟ್ಟಲೆ ಹೊತ್ತುಕೊಂಡೇ ತಿರುಗ್ತೀವಿ. ಹುಡುಗ ಕ್ಯಾರಿಯರ್ ಇಳಿಸಿ, ಡಿಕ್ಕಿ ಖಾಲಿ ಮಾಡಿದ. ಕಾಸು ಖರ್ಚಿಲ್ಲದ ಕೆಲಸ.

ನಂಬಿಕೆಯ ಗಾಡಿ ಯಾವುದು?

ಇಲ್ಲಿ ಅಭಿಮಾನದ ಮಾತು ಬಹಳ ಬರುತ್ತೆ. ಅಂಬಾಸಿಡರ್ ಕೆಡೋದೇ ಇಲ್ಲ ಅಂತ ಎದೆ ತಟ್ಟಿ ಹೇಳೋರಿದ್ದಾರೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಓಡಿಸಿದ ನಾನು ಹೇಳೋದು ಬೇರೆ. ಅದು ಕೆಡುತ್ತೆ, ಆಗಾಗ ಕೆಡುತ್ತೆ. ಆದರೆ ಬ್ಲಾಕು, ಹೆಡ್ಡು ಎರಡೂ ಬೀಡಿನವು. ಸವೆದರೆ ಬೋರಿಂಗ್ ಮಾಡಿಸಿ, ದಪ್ಪ ಪಿಸ್ಟನ್ ಹಾಕಿ ಮತ್ತೆ ಓಡಿಸಬಹುದು. ನಾಲ್ಕು ಪಾನಾ, ಒಂದು ಸುತ್ತಿಗೆ ಇದ್ದರೆ ಹೊಂಗೆ ಮರದ ಕೆಳಗೇ ಮುಕ್ಕಾಲು ರಿಪೇರಿ ಆಗುತ್ತೆ. ಮಾರುತಿ ಕೆಡ್ತಿದ್ದದ್ದೇ ಕಮ್ಮಿ, ಅದನ್ನ ಒಪ್ಪಲೇಬೇಕು. ಸೆಲ್ಫ್ ಹೊಡೆದರೆ ಚಳಿಗಾಲದ ಬೆಳಗ್ಗೆಯೂ ಶುರು. ನಮ್ಮ ಡೀಸೆಲ್ ಗಾಡಿಗೆ ಹೀಟರ್ ಪ್ಲಗ್ಗು ಕಾಯೋವರೆಗೂ ತಾಳ್ಮೆ ಬೇಕು, ಬ್ಯಾಟರಿ ಇಳಿದಿದ್ದರೆ ಓಣಿಯ ಹುಡುಗರು ಬೇಕು.

ಈಗ ಎಂಜಿನ್ ಬದಲಿಸುವ ವಿಷಯ. ಕಂಪನಿಯವರೇ ಇದನ್ನ ಮಾಡಿದ್ದರು. 1984ರ ಸುಮಾರಿಗೆ ಬಂದ ಕಾಂಟೆಸ್ಸಾ ಕಾರು ನೋಡೋಕೆ ಜಮೀನ್ದಾರನಂಗೆ ಇತ್ತು, ಆದರೆ ಒಳಗಿದ್ದದ್ದು ಅಂಬಾಸಿಡರಿನ ಅದೇ 1489 ಸಿ.ಸಿ. ಪೆಟ್ರೋಲ್ ಎಂಜಿನ್. ಪಿಕಪ್ ಇಲ್ಲ ಅಂತ ಜನ ಮೂಗು ಮುರಿದರು. ಆಮೇಲೆ ಜಪಾನಿನ ಇಸುಜು 1800 ಸಿ.ಸಿ. ಪೆಟ್ರೋಲ್ ಎಂಜಿನ್ ಹಾಕಿದರು, ಕಾರಿನ ಹೆಸರೇ ಬದಲಾಯಿತು. 1990ರ ದಶಕದಲ್ಲಿ ಅದನ್ನೇ ಅಂಬಾಸಿಡರಿಗೂ ಕೂರಿಸಿದರು. ಇಸುಜು 2000 ಸಿ.ಸಿ. ಡೀಸೆಲ್ಲೂ ಬಂತು. ಹುಡುಗ ಕೇಳಿದ್ದು ಈ ಎಂಜಿನ್ನನ್ನೇ.

ಒಂದು ವಿಷಯ ಗಮನಿಸಿ. 1800 ಅಂಬಾಸಿಡರಿಗೆ ಕಂಪನಿಯವರು ಎಂಜಿನ್ ಒಂದನ್ನೇ ಇಟ್ಟು ಕಳಿಸಲಿಲ್ಲ. ಸ್ಟೇರಿಂಗ್ ಹತ್ತಿರದ ನಾಲ್ಕು ಗೇರಿನ ಕಡ್ಡಿ ತೆಗೆದು, ಕೆಳಗೆ ಐದು ಗೇರಿನ ಬಾಕ್ಸು ಕೊಟ್ಟರು. ನಮ್ಮ ಹುಡುಗನ ಎಂಬತ್ತು ಸಾವಿರದಲ್ಲಿ ಗೇರ್ ಬಾಕ್ಸು ಇರಲೇ ಇಲ್ಲ. ರೇಡಿಯೇಟರೂ ಇಲ್ಲ.

ಮೇಸ್ತ್ರಿ ಹೇಳಿದ್ದು ಹೀಗೆ: "ಯಜಮಾನ್ರೇ, ಐದು ಎಚ್.ಪಿ. ಪಂಪಿನ ಜಾಗಕ್ಕೆ ಹತ್ತು ಎಚ್.ಪಿ. ಇಳಿಸಿ, ಹಳೇ ಪೈಪು, ಹಳೇ ಕೇಬಲ್ಲು, ಹಳೇ ಸ್ಟಾರ್ಟರ್ ಇಟ್ಟರೆ ಏನಾಗುತ್ತೆ ನಿಮಗೇ ಗೊತ್ತಲ್ಲ." ಎಂಜಿನ್ ಶಕ್ತಿ ಕ್ಲಚ್ ಪ್ಲೇಟಿಂದ ಗೇರ್ ಬಾಕ್ಸಿಗೆ, ಅಲ್ಲಿಂದ ಜಾಯಿಂಟಿಗೆ, ಜಾಯಿಂಟಿಂದ ಹಿಂದಿನ ಕ್ರೌನ್ ಪಿನಿಯನ್ನಿಗೆ ಹೋಗಬೇಕು. ಎಲ್ಲಿ ಸವೆದಿದೆಯೋ ಅಲ್ಲಿ ಮುರಿಯುತ್ತೆ. ಎಲ್ಲಕ್ಕಿಂತ ಹೆಚ್ಚಿನದು ಬ್ರೇಕು. ನಮ್ಮದು ನಾಲ್ಕೂ ಕಡೆ ಡ್ರಮ್ಮು. ಅರವತ್ತರಲ್ಲಿ ಹೋಗೋ ಗಾಡಿಗೆ ಅದು ಸಾಕು. ತೊಂಬತ್ತರಲ್ಲಿ ಹೋಗೋ ಗಾಡಿಗೆ, ಅದೂ ರಾತ್ರಿ, ದನ ಎಮ್ಮೆ ಅಡ್ಡ ಬರೋ ರಸ್ತೆಯಲ್ಲಿ, ಸಾಲದು. ವೇಗ ಒಂದೂವರೆ ಪಟ್ಟಾದರೆ ನಿಲ್ಲಿಸೋಕೆ ಬೇಕಾದ ಶ್ರಮ ಎರಡು ಪಟ್ಟಿಗೂ ಮೇಲೆ ಅಂತ ಹೈಸ್ಕೂಲ್ ಮೇಷ್ಟ್ರೊಬ್ಬರು ಲೆಕ್ಕ ಬಿಡಿಸಿ ತೋರಿಸಿದರು. ನಾನು ಏಳನೇ ಕ್ಲಾಸಿಗೆ ಬಿಟ್ಟವನು, ಆದರೂ ಲೆಕ್ಕ ಅರ್ಥ ಆಯ್ತು.

ಕಾಗದ ಪತ್ರದ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು ಇರುತ್ತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಟಿ.ಒ. ಅನುಮತಿ ಇಲ್ಲದೆ ಎಂಜಿನ್ ಬದಲಿಸೋ ಹಂಗಿಲ್ಲ. ಕಂಪನಿ ಕೊಟ್ಟ ಮೂಲ ಸ್ವರೂಪ ಬಿಟ್ಟು ಗಾಡಿಯನ್ನ ಮಾರ್ಪಡಿಸಬಾರದು ಅಂತ ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಪಕ್ಕದ ಹೋಬಳಿಯ ಒಬ್ಬರು ಯಾರನ್ನೂ ಕೇಳದೆ ಜೀಪಿಗೆ ಬೇರೆ ಎಂಜಿನ್ ಕೂರಿಸಿದ್ದರು. ಗಾಡಿ ಚೆನ್ನಾಗೇ ಓಡ್ತು. ಹದಿನೈದು ವರ್ಷ ತುಂಬಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ಮುಂದುವರಿಸಬೇಕಲ್ಲ, ಆಗ ನಂಬರು ತಾಳೆಯಾಗದೆ ನಿಂತುಹೋಯ್ತು. ಈಗ ಆ ಜೀಪು ಹೊಲದ ಬದುವಿನಲ್ಲಿ, ಕೋಳಿಗಳ ವಶ. ಅಪಘಾತ ಆಗಿ ವಿಮೆ ಕೇಳೋ ಹೊತ್ತಿಗೆ ನಂಬರು ತಪ್ಪಿದ್ದರೆ ಏನು ಗತಿ, ನೀವೇ ಯೋಚಿಸಿ. ನಮ್ಮ ಕಾರಿನಲ್ಲಿ ಕೂರೋರು ಊರಿನ ಮಂದಿ.

ಮೇಸ್ತ್ರಿ ಕೊನೆಗೆ, "ಮೊದಲು ಇರೋ 37ರಲ್ಲಿ ಎಷ್ಟು ಉಳಿದೈತೆ ನೋಡೋಣ" ಅಂದರು. ಇದು ನಮಗೆ ಹಿಡಿಸಿತು. ಅವರು ನೋಡಿದ್ದನ್ನ ಹೇಳ್ತೀನಿ, ಟ್ರ್ಯಾಕ್ಟರ್ ಇರೋರೂ ನೋಡಿಕೊಳ್ಳಬಹುದು. ಹೊಗೆ ಕಪ್ಪಗಿದ್ದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ, ನಾಜಲ್ಲು, ಏರ್ ಫಿಲ್ಟರ್ ನೋಡಬೇಕು. ನೀಲಿ ಇದ್ದರೆ ಆಯಿಲ್ ಸುಡ್ತಾ ಐತೆ, ರಿಂಗು ಸವೆದಿವೆ. ಬಿಸಿ ಆದ ಮೇಲೂ ಬಿಳಿ ಹೊಗೆ ಬಂದರೆ ಪಂಪಿನ ಟೈಮಿಂಗು ತಪ್ಪಿರಬಹುದು, ಇಲ್ಲಾ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳೀತಿರಬಹುದು. ನಮ್ಮದು ಕಪ್ಪು ಹೊಗೆ. ನಾಜಲ್ಲು ನಾಲ್ಕರಲ್ಲಿ ಎರಡು ಸಿಂಪಡಿಸೋ ಬದಲು ಉಚ್ಚೆ ಹೊಯ್ದಂಗೆ ಸುರೀತಿದ್ದವು. ಟ್ಯಾಪೆಟ್ ಸಡಿಲ. ಕಾಲಲ್ಲಿ ಪೂರ್ತಿ ಒತ್ತಿದರೂ ಎಕ್ಸಲೇಟರ್ ಕಡ್ಡಿ ಪಂಪನ್ನ ಮುಕ್ಕಾಲೇ ತೆರೀತಿತ್ತು, ನಡುವಿನ ಬುಷ್ ಸವೆದು ಹೋಗಿತ್ತು. ಜಾಕ್ ಹಚ್ಚಿ ಚಕ್ರ ತಿರುಗಿಸಿದರೆ ಹಿಂದಿನ ಎಡಗಡೆಯದು ತಿರುಗಲೇ ಒಲ್ಲದು, ಬ್ರೇಕ್ ಹಿಡಕೊಂಡೇ ಓಡ್ತಾ ಇತ್ತು!

ನಾಜಲ್ಲು, ಟೈಮಿಂಗು, ಟ್ಯಾಪೆಟ್ಟು, ನಾಲ್ಕೂ ಬ್ರೇಕ್ ಲೈನಿಂಗು, ರೇಡಿಯೇಟರ್ ಬಿಚ್ಚಿ ತೊಳೆದದ್ದು, ಹೊಸ ಹೋಸ್ ಪೈಪು, ಎಲ್ಲಾ ಸೇರಿ ಇಪ್ಪತ್ತೊಂದು ಸಾವಿರ ಆಯ್ತು. ಚಿತ್ರದುರ್ಗದ ದಾರಿಯ ಏರಿನಲ್ಲಿ ಮೊದಲು ಮೂರನೇ ಗೇರಿಗೆ ಇಳಿಸಲೇಬೇಕಿತ್ತು, ಈಗ ನಾಲ್ಕು ಜನ ಇದ್ದರೂ ಟಾಪಿನಲ್ಲೇ ಹತ್ತುತ್ತೆ. ಎಪ್ಪತ್ತರಲ್ಲಿ ಆರಾಮಾಗಿ ಹೋಗುತ್ತೆ. ಅದಕ್ಕಿಂತ ಮೇಲೆ ಹೋಗಲ್ಲ, ಹೋಗೋದೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹುಡುಗನದು ಬೇರೆ ಅಭಿಪ್ರಾಯ. ಉಳಿದ ಐವತ್ತೊಂಬತ್ತು ಸಾವಿರ ಬ್ಯಾಂಕಿನಲ್ಲೈತೆ, ಮುಂಗಾರಿನ ಬೀಜಕ್ಕೆ ಅಂತ ಇಬ್ಬರೂ ಒಪ್ಪಿ ಇಟ್ಟಿದ್ದೀವಿ. ಇಸುಜು ಎಂಜಿನ್ ಆಸೆ ಅವನು ಬಿಟ್ಟಿಲ್ಲ. ಆದರೆ ಈಗ ಗುಜರಿ ಅಂಗಡಿಗೆ ಹೋದರೆ ಐದು ಗೇರಿನ ಬಾಕ್ಸು, ರೇಡಿಯೇಟರ್ ಎಲ್ಲಾ ಸೇರಿಸಿ ರೇಟು ಕೇಳ್ತಾನೆ. ಹೋದ ವಾರ ಆರ್.ಟಿ.ಒ. ಕಚೇರಿಗೂ ಹೋಗಿ, ಅರ್ಜಿ ಯಾವುದು ಅಂತ ವಿಚಾರಿಸಿಕೊಂಡು ಬಂದ.